ಅಕ್ಕನ ಪಾಲಿನ ಬಾಗಿನ

ಗೌರಿ ಹಬ್ಬಕ್ಕೆ ತವರಿನ ಬಾಗಿನವನ್ನು ಅಕ್ಕನ ಮನೆಗೆ ಒಯ್ಯುವುದು ತಮ್ಮನ ಕೆಲಸ. ನನಗೆ ಅಕ್ಕ ಇದ್ದಾಳೆ, ಅವಳಿಗೆ ಮನೆ ಇದೆ, ಮನೆಯಲ್ಲಿ ಸಂಸಾರ ಇದೆ. ಆದರೂ ಕಳೆದ ವರ್ಷದ ತನಕ ನಾನು ಒಂದು ಸಲವೂ ಮೊರ ಹೊತ್ತವನಲ್ಲ. ದೂರ ಅದಕ್ಕೆ ಕಾರಣವಲ್ಲ. ನಾವಿರುವ ಕುವೈತಿನಿಂದ ಅಕ್ಕ ಇರುವ ಸ್ವಿಟ್ಜರ್ಲೆಂಡಿಗೆ ಹಾರುವ ಹೊತ್ತಿನಲ್ಲಿ ಹಾಸನದಿಂದ ಕಲಬುರಗಿಗೆ ಬಸ್ಸಿನಲ್ಲಿ ಮುಟ್ಟಲಾಗುವುದಿಲ್ಲ. ಕಾರಣ ಇಷ್ಟೇ: ಅಕ್ಕನ ಸಂಸಾರದಲ್ಲಿರುವ ಇನ್ನೊಬ್ಬರೂ ಹೆಂಗಸು.

ನಮ್ಮದು ಕುವೈತಿನ ಖೈತಾನಿನಲ್ಲಿ ಫ್ಲ್ಯಾಟು. ಅಮ್ಮ ಪ್ರತಿ ರಜೆಯಲ್ಲೂ ಹಾಸನದಿಂದ ವಾಪಸು ಬರುವಾಗ ಬಿದಿರಿನ ಮೊರಗಳನ್ನು ಸೀರೆಗಳ ನಡುವೆ ಇಟ್ಟು ತರುತ್ತಾಳೆ. ಹಬ್ಬದ ಹಿಂದಿನ ವಾರ ಅವಕ್ಕೆ ಅರಿಶಿನ ಬಳಿದು ಬಾಲ್ಕನಿಯಲ್ಲಿ ಒಣಗಿಸುತ್ತಾಳೆ; ಇಲ್ಲಿನ ಬಿಸಿಲಿಗೆ ಒಂದು ಲೋಟ ಕಾಫಿ ಕುಡಿದು ಮುಗಿಸುವುದರೊಳಗೆ ಒಣಗುತ್ತವೆ. ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ, ಬಳೆ, ಕನ್ನಡಿ, ಬಾಚಣಿಗೆ, ಬಿಚ್ಚೋಲೆ. ಒಂದು ಮೊರ ತುಂಬಿಸಿ, ಇನ್ನೊಂದನ್ನು ಮೇಲೆ ಮುಚ್ಚಿ, ದಾರ ಸುತ್ತುತ್ತಾಳೆ. ನಮ್ಮ ಕಟ್ಟಡದ ಕನ್ನಡದ ಹೆಂಗಸರಿಗೆಲ್ಲ ಸಿಗುತ್ತದೆ. ಮದುವೆಯಾಗಿ ಬಂದು ತಿಂಗಳಾಗದ ಹುಡುಗಿಗೂ ಸಿಗುತ್ತದೆ. ಹೊತ್ತು ಹೆತ್ತ ಮಗಳಿಗೆ ಮಾತ್ರ ಇಲ್ಲ.

ಇದಕ್ಕೆ ನೆಪ ಒದಗಿಸಿದವಳು ಅಕ್ಕನೇ. ಅವಳು ಅಲ್ಲಿ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಅವಳ ಜೊತೆಗಾತಿ ಆ ಊರಿನವಳೇ, ಶಾಲೆಯಲ್ಲಿ ಭೂಗೋಳ ಕಲಿಸುತ್ತಾಳೆ. ಅವರು ಒಂದಾದಾಗ ಆ ದೇಶದಲ್ಲಿ ಹೆಣ್ಣು ಹೆಣ್ಣನ್ನು ಮದುವೆಯಾಗುವ ಕಾನೂನು ಇರಲಿಲ್ಲ. ಇದ್ದದ್ದು ಸಹಬಾಳ್ವೆಯ ನೋಂದಣಿ. ಸರ್ಕಾರಿ ಕಚೇರಿಗೆ ಹೋಗಿ, ನಾವಿಬ್ಬರೂ ಒಬ್ಬರಿಗೊಬ್ಬರು ಆಗುತ್ತೇವೆ ಎಂದು ರುಜು ಹಾಕಿ ಬರುವುದು. ಹಾಕಿ ಬಂದರು. ಅಮ್ಮನಿಗೆ ಫೋನಿನಲ್ಲಿ ತಿಳಿಸುವಾಗ ಏಟು ಮೆತ್ತಗೆ ಬೀಳಲಿ ಎಂದು ಅಕ್ಕ, "ಮದುವೆ ಅಲ್ಲಮ್ಮ, ಬರೀ ರಿಜಿಸ್ಟ್ರೇಷನ್ನು" ಅಂದಳು.

ಅಮ್ಮ ಆ ಮಾತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬರೀ ರಿಜಿಸ್ಟ್ರೇಷನ್ನು. ಕಾರಿಗೂ ಮಾಡಿಸುತ್ತಾರೆ, ಸೈಟಿಗೂ ಮಾಡಿಸುತ್ತಾರೆ. ಅದರಿಂದ ಮಗಳು ಮುತ್ತೈದೆ ಆಗುವುದಿಲ್ಲ, ಹಾಗಾಗಿ ಬಾಗಿನದ ಪ್ರಶ್ನೆ ಏಳುವುದಿಲ್ಲ, ಹಾಗಾಗಿ ನೆರೆಯವರಿಗೆ ಏನನ್ನೂ ಹೇಳಬೇಕಾಗಿಲ್ಲ. ಈ ಊರಿನಲ್ಲಿ ಇಂಥ ಮಾತು ಮನೆಯ ಗೋಡೆ ದಾಟುವಂತೆಯೂ ಇಲ್ಲ. ಇಲ್ಲಿನ ಕಾನೂನು ಯಾವ ಕಡೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. "ಮಗಳು ಗೆಳತಿ ಜೊತೆ ಇದ್ದಾಳೆ" ಎಂದು ಅಮ್ಮ ಹೇಳುತ್ತಿದ್ದಳು. ಅದು ಸುಳ್ಳೂ ಅಲ್ಲ.

ನನ್ನ ನಿಲುವು ಏನಿತ್ತು ಎಂಬುದನ್ನೂ ಹೇಳಬೇಕು. ಖೈತಾನಿನ ಇಂಡಿಯನ್ ಶಾಲೆಯಲ್ಲಿ ನಾನು ಚರ್ಚಾ ತಂಡದಲ್ಲಿದ್ದವನು. ಅಲ್ಲಿ ಪರ-ವಿರೋಧ ಯಾವುದು ಎಂಬುದನ್ನು ಮೇಷ್ಟರು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಿದ್ದರು. ಹಾಗೆ ಪಳಗಿದವನಿಗೆ ಯಾವ ಪವಿತ್ರ ಮಾತಿನ ಮೇಲೂ ಭಕ್ತಿ ಉಳಿಯುವುದಿಲ್ಲ, ಮದುವೆಯ ಮೇಲಂತೂ ಇಲ್ಲವೇ ಇಲ್ಲ. ಆ ದೇಶದ ಜನ ಮತ ಹಾಕಿ ಮದುವೆಯ ಬಾಗಿಲು ಎಲ್ಲರಿಗೂ ತೆರೆದಾಗ ನಾನು ಅಕ್ಕನಿಗೆ ಫೋನು ಮಾಡಿ ವಾದಕ್ಕೆ ನಿಂತೆ. ಜಾತಿ, ವರದಕ್ಷಿಣೆ, ಹೆಣ್ಣನ್ನು ದಾನ ಕೊಡುವ ಮಂತ್ರ ಎಲ್ಲವನ್ನೂ ಮೈಗೆ ಮೆತ್ತಿಕೊಂಡ ಸಂಸ್ಥೆ ಅದು. ನೋಂದಣಿಯೇ ಚೊಕ್ಕ. ಸರ್ಕಾರಗಳಿಗೆ ಬುದ್ಧಿ ಇದ್ದರೆ ಎಲ್ಲರಿಗೂ ನೋಂದಣಿ ಕೊಟ್ಟು, ಮದುವೆಯನ್ನು ಗುಡಿಗೂ ಮಸೀದಿಗೂ ಚರ್ಚಿಗೂ ಬಿಟ್ಟುಬಿಡಬೇಕು. ಚೊಕ್ಕವಾದದ್ದನ್ನು ಬಿಟ್ಟು ನೀವು ಯಾಕೆ ಹಿಂದಕ್ಕೆ ಹೋಗುತ್ತೀರಿ?

ಅಕ್ಕ ಪೂರ್ತಿ ಕೇಳಿಸಿಕೊಂಡಳು. ನೋಂದಣಿಯಾದವರು ಇಬ್ಬರೂ ಸೇರಿ ಹೊರಗಿನ ಮಗುವನ್ನು ದತ್ತು ತೆಗೆದುಕೊಳ್ಳುವಂತಿರಲಿಲ್ಲ. ಡಾಕ್ಟರ ನೆರವಿನಿಂದ ಮಗು ಪಡೆಯುವುದಕ್ಕೂ ಅವಕಾಶವಿರಲಿಲ್ಲ. ಆ ದೇಶದವರನ್ನು ಮದುವೆಯಾದ ಪರದೇಶದವರಿಗೆ ಪೌರತ್ವಕ್ಕೆ ಇದ್ದ ಸುಲಭದ ದಾರಿ ಇವಳಿಗೆ ಇರಲಿಲ್ಲ. ಇಷ್ಟನ್ನೂ ಸಮಾಧಾನವಾಗಿ ಹೇಳಿ, ಆಮೇಲೆ ಕೇಳಿದಳು:

"ಸರಿ, ಇದ್ಯಾವ್ದೂ ಇಲ್ಲ, ಎಲ್ಲ ಹಕ್ಕೂ ಸಮ ಅಂತಾನೇ ಇಟ್ಕೋ. ಒಂದು ಚೂರೂ ವ್ಯತ್ಯಾಸ ಇಲ್ಲ ಅಂದ್ರೆ, ನಮ್ಮನ್ನ ಬೇರೆ ಹೆಸರಿಟ್ಟು ಬೇರೆ ಕೌಂಟರ್‌ನಲ್ಲಿ ನಿಲ್ಸಿದ್ದು ಯಾಕೆ?"

ಹಾಗಿದ್ದರೆ ಎಲ್ಲರನ್ನೂ ಆ ಕೌಂಟರಿಗೇ ಕಳಿಸೋಣ ಅಂದೆ. ಅದು ಒಳ್ಳೆಯ ಉತ್ತರ ಎಂದು ನನಗೆ ಈಗಲೂ ಅನ್ನಿಸುತ್ತದೆ.

"ಕಳ್ಸು," ಅಂದಳು ಅಕ್ಕ. "ಎಲ್ರೂ ಬರೋ ತನಕ ನಾನೊಬ್ಳೇ ಅಲ್ಲಿ ನಿಂತಿರ್ಲಾ?"

ಇದಕ್ಕೆ ಉತ್ತರ ಹುಡುಕುತ್ತಲೇ ಒಂದೆರಡು ವರ್ಷ ಕಳೆದವು. ಅವರು ಮಗುವಿನ ಯೋಚನೆ ಮಾಡತೊಡಗಿದ್ದರು. ಕಳೆದ ವರ್ಷ ಯುಗಾದಿ ಮುಗಿದ ಮೇಲೆ ಒಂದು ದಿನ ಅದೇ ಕಚೇರಿಗೆ ಹೋಗಿ, ನಮ್ಮ ನೋಂದಣಿ ಇನ್ನು ಮೇಲೆ ಮದುವೆ ಎಂದು ಘೋಷಿಸಿ ರುಜು ಹಾಕಿದರು. ಮನೆಯ ವಾಟ್ಸ್ಯಾಪ್ ಗುಂಪಿಗೆ ಫೋಟೋ ಬಂತು. ಅಪ್ಪ ಕೈಮುಗಿದ ಚಿತ್ರ ಹಾಕಿದರು. ಅದು ಆಶೀರ್ವಾದವೋ ಶರಣಾಗತಿಯೋ ತಿಳಿಯಲಿಲ್ಲ. ಅಮ್ಮ ಮಾತ್ರ, ಮಗಳು ಯಾಕೆ ಇಷ್ಟು ಇಳಿದುಹೋಗಿದ್ದಾಳೆ ಎಂದು ಕೇಳಿದಳು.

ಗೌರಿ ಹಬ್ಬದ ಹೊತ್ತಿಗೆ ಕುವೈತ್ ನಗರದ ಶರ್ಕ್‌ನಲ್ಲಿ ನಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ರಜೆ ಸಿಕ್ಕಿತು. ಅಕ್ಕನಲ್ಲಿಗೆ ಹೊರಟೆ. ಅಮ್ಮ ಉತ್ಸಾಹದಿಂದಲೇ ಹುಳಿಪುಡಿ, ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಕಟ್ಟತೊಡಗಿದಳು. ಅದೇ ಅಡುಗೆಮನೆಯ ಇನ್ನೊಂದು ಮೂಲೆಯಲ್ಲಿ ಅರಿಶಿನ ಬಳಿದ ಮೊರಗಳು ಗೋಡೆಗೆ ಒರಗಿದ್ದವು. ಅವುಗಳಲ್ಲಿ ಅಕ್ಕನದು ಯಾವುದು ಎಂದು ಕೇಳಿದೆ.

"ಅವಳಿಗೆ ಹುಳಿಪುಡಿ ಇದೆಯಲ್ಲ."

"ನಾನು ಕೇಳಿದ್ದು ಬಾಗಿನ."

"ಬಾಗಿನ ಮುತ್ತೈದೆಯರಿಗೆ ಕಣೋ. ಅವಳ್ದು ರಿಜಿಸ್ಟ್ರೇಷನ್ನು."

ಬಾಗಿನ ಇಲ್ಲದೆ ಈ ಮನೆಯಿಂದ ಹೊರಡುವುದಿಲ್ಲ ಎಂದು ನಾನು ತೀರ್ಮಾನಿಸಿದ್ದು ಆಗಲೇ. ಅಂಗಡಿಯಲ್ಲಿ ಎಲ್ಲವನ್ನೂ ಕೊಂಡು ನಾನೇ ಒಂದು ಮೊರ ತುಂಬಿಸಬಹುದಿತ್ತು, ಆದರೆ ಅದು ದಿನಸಿಯಾಗುತ್ತಿತ್ತು. ತುಂಬಿಸಬೇಕಾದವಳು ಅಮ್ಮ.

ಆ ಸಂಜೆ ಇಬ್ಬರೂ ಚೆನ್ನಾಗಿ ಜಗಳವಾಡಿದೆವು. ಈಗ ಅದು ನೋಂದಣಿಯಲ್ಲ, ಮದುವೆ ಎಂದೆ. ಅಲ್ಲಿ ಏನಾದರೂ ಆಗಿರಲಿ, ನಮ್ಮ ದೇಶದ ದೊಡ್ಡ ಕೋರ್ಟೇ ಬೇಡ ಅಂದಿದೆ, ನಾನೂ ಟೀವಿ ನೋಡುತ್ತೇನೆ ಎಂದಳು. ಕೋರ್ಟು ಬೇಡ ಅನ್ನಲಿಲ್ಲ, ಅದು ನಮ್ಮ ಕೆಲಸವಲ್ಲ, ಪಾರ್ಲಿಮೆಂಟಿನದು ಅಂದಿದೆ ಎಂದು ತಿದ್ದಿದೆ. ಮದುವೆ ಕೊಡದಿದ್ದರೆ ಕನಿಷ್ಠ ನೋಂದಣಿಯನ್ನಾದರೂ ಕೊಡಿ ಎಂಬ ಮಾತು ಅಲ್ಲಿ ಎದ್ದಿತ್ತು, ಹೆಚ್ಚಿನ ನ್ಯಾಯಾಧೀಶರು ಅದನ್ನೂ ಒಪ್ಪಲಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ. ಎದುರಾಳಿಗೆ ಬೇಕಾದ ಅಂಶವನ್ನು ನಾವಾಗಿ ಕೊಡಬಾರದು ಎಂದು ನಮಗೆ ಕಲಿಸಿದ್ದರು. ಅಮ್ಮನಿಗೆ ಅದು ಬೇಕಾಗಲೂ ಇಲ್ಲ.

"ಮದುವೆಯೇ ಬೇಡ, ಒಂದು ಕಾಗದ ಸಾಕು ಅಂತ ಬಂದವರಿಗೆಲ್ಲ ಭಾಷಣ ಬಿಗಿದೋನು ನೀನು. ಈಗ ಪಾರ್ಟಿ ಚೇಂಜಾ?"

"ನನಗೆ ಬೇಡ ಅಂದಿದ್ದು. ಬೇಕು ಅಂದ್ರೆ ನಾಳೆ ಬೆಳಿಗ್ಗೆನೇ ನೀನು ಹುಡುಗಿ ಹುಡುಕ್ತೀಯ, ಅದಕ್ಕೇ ಬೇಡ ಅನ್ನೋ ಜಂಬ ನನಗಿದೆ. ಅಕ್ಕಂಗೆ ಬೇಡ ಅನ್ನೋಕೂ ದಾರಿ ಇರ್ಲಿಲ್ಲ."

"ಹುಡುಕ್ಲಾ, ಹೇಳು," ಎಂದಳು ಅಮ್ಮ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

ಆಗ ನಾನು ನಮ್ಮ ಮನೆಯ ಹಳೆಯ ಕಥೆಯೊಂದನ್ನು ಎತ್ತಿಕೊಂಡೆ. ಅಪ್ಪ-ಅಮ್ಮನ ಮದುವೆ ಆದದ್ದು ಹಾಸನದ ಛತ್ರದಲ್ಲಿ. ಓಲಗ, ಹೋಳಿಗೆ, ಎರಡು ದಿನದ ನೆಂಟರು. ನೋಂದಣಿ ಮಾತ್ರ ಇಲ್ಲ. ಆ ಕಾಲಕ್ಕೆ ಅದು ಯಾರ ತಲೆಗೂ ಹೊಳೆಯುತ್ತಿರಲಿಲ್ಲ. ಆಮೇಲೆ ಅಪ್ಪ ಇಂಜಿನಿಯರಾಗಿ ಕುವೈತಿಗೆ ಬಂದರು. ಹೆಂಡತಿಯನ್ನು ಕರೆಸಿಕೊಳ್ಳಲು ಹೋದರೆ ಇಲ್ಲಿಯವರು ಕೇಳಿದ್ದು ಮುದ್ರೆಯೊತ್ತಿದ ಮದುವೆಯ ಸರ್ಟಿಫಿಕೇಟು. ಊರಿನವರೆಲ್ಲರ ಕಣ್ಣಲ್ಲಿ ಅಪ್ಪನ ಹೆಂಡತಿಯಾದ ಅಮ್ಮ ಈ ದೇಶದ ಮಟ್ಟಿಗೆ ಯಾರೂ ಅಲ್ಲ. ಒಂದು ವರ್ಷಕ್ಕೂ ಮೇಲೆ ಅತ್ತೆ ಮನೆಯಲ್ಲೇ ಕಾದಳು. ಕೊನೆಗೆ ಅಪ್ಪ ರಜೆ ಹಾಕಿ ಊರಿಗೆ ಹೋಗಿ, ಹಳೆಯ ಮದುವೆಯ ಫೋಟೋ, ಲಗ್ನಪತ್ರಿಕೆ, ಸಾಕ್ಷಿಗಳನ್ನೆಲ್ಲ ಕಟ್ಟಿಕೊಂಡು ರಿಜಿಸ್ಟ್ರಾರ್ ಕಚೇರಿಗೆ ಹೋದರು. ಅಮ್ಮ ವಧು ಎಂಬ ಜಾಗದಲ್ಲಿ ರುಜು ಹಾಕುವಾಗ ಪುಟ್ಟ ಅಕ್ಕ ಪಕ್ಕದಲ್ಲಿ ಸೆರಗು ಹಿಡಿದು ನಿಂತಿದ್ದಳು. ನೆಂಟರು ಬಂದಾಗಲೆಲ್ಲ ಅಮ್ಮ ಇದನ್ನು ಹೇಳಿ ನಗಿಸುವುದುಂಟು: "ನನ್ನ ಎರಡನೇ ಮದುವೆಗೆ ನನ್ನ ಮಗಳೂ ಬಂದಿದ್ಲು."

"ನಿನ್ನ ಎರಡನೇ ಮದುವೆಗೆ ಅಕ್ಕ ಬಂದಿದ್ಲು," ಅಂದೆ. "ಅವಳ ಎರಡನೇ ಮದುವೆಗೆ ನೀನು ಹೋಗ್ಲಿಲ್ಲ."

ಅಮ್ಮ ಒಲೆಯ ಉರಿ ಸಣ್ಣ ಮಾಡಿದಳು. ಗೆದ್ದೆ ಅಂದುಕೊಂಡೆ. ನಾನು ಇನ್ನೂ ಮುಂದುವರಿದೆ: ನಿನಗೆ ಮದುವೆ ಇತ್ತು, ಕಾಗದ ಇರಲಿಲ್ಲ. ಅವಳಿಗೆ ಮೊದಲು ಕಾಗದ ಬಂತು, ಆಮೇಲೆ ಮದುವೆ. ಕಾಗದದ ಬೆಲೆ ನಿನಗಿಂತ ಯಾರಿಗೆ ಗೊತ್ತು ಎಂದೆಲ್ಲ ಹೇಳುತ್ತಿದ್ದೆ.

"ಆ ಕಾಗದ ಬರೋ ಮುಂಚೆನೂ ನಮ್ಮಮ್ಮ ನನಗೆ ಬಾಗಿನ ಕಳಿಸ್ತಿದ್ಲು," ಎಂದಳು ಅಮ್ಮ. "ನಮ್ಮಣ್ಣ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ತರೋನು. ಕಾಗದ ನೋಡಿ ಯಾರೂ ಬಾಗಿನ ಕೊಡಲ್ಲ ಕಣೋ."

ನನ್ನ ವಾದ ಬಿದ್ದದ್ದು ಅಲ್ಲಿ. ಎಷ್ಟು ಯೋಚಿಸಿದರೂ ಆ ಮಾತಿನಲ್ಲಿ ತಪ್ಪು ಸಿಗಲಿಲ್ಲ. ನಾನು ಅಷ್ಟು ಹೊತ್ತು ತೋರಿಸುತ್ತಿದ್ದ ದಾಖಲೆ ಈ ನ್ಯಾಯಾಲಯಕ್ಕೆ ಬೇಕಾಗಿಯೇ ಇರಲಿಲ್ಲ. ತವರು ಒಪ್ಪಿದರೆ ಬಾಗಿನ, ಒಪ್ಪದಿದ್ದರೆ ಇಲ್ಲ. ಒಂದು ದೇಶದ ಮತದಾರರು ಒಪ್ಪಿಯಾಗಿತ್ತು; ಉಳಿದದ್ದು ಖೈತಾನಿನ ಒಂದು ಅಡುಗೆಮನೆ.

ಮರುದಿನ ಅರ್ದಿಯಾಕ್ಕೆ ಹೋದೆ. ಅಲ್ಲಿನ ಗೋದಾಮೊಂದರ ಆಫೀಸಿನಲ್ಲಿ ನನ್ನ ಶಾಲೆಯ ಗೆಳೆಯ ಕೆಲಸ ಮಾಡುತ್ತಾನೆ. ಮಂಗಳೂರು ಕಡೆಯ ಬ್ಯಾರಿ ಹುಡುಗ. ಚರ್ಚಾ ತಂಡದಲ್ಲಿ ನಾನು ಮೊದಲ ಮಾತುಗಾರನಾದರೆ ಅವನು ಕೊನೆಯವನು. ನಾನು ಹರಡಿದ್ದನ್ನೆಲ್ಲ ಅವನು ಕಟ್ಟುತ್ತಿದ್ದ. ಬಿದಿರಿನ ಮೊರ ಮುರಿಯದ ಹಾಗೆ ವಿಮಾನದಲ್ಲಿ ಒಯ್ಯಲು ಒಂದು ಗಟ್ಟಿ ರಟ್ಟಿನ ಪೆಟ್ಟಿಗೆ ಬೇಕು ಎಂದೆ. ಅವನಿಗೆ ಅಕ್ಕನ ವಿಷಯ ಮೊದಲಿನಿಂದಲೂ ಗೊತ್ತು. ಕ್ಯಾಬಿನ್ನಿನ ಬಾಗಿಲು ಹಾಕಿ ಕೂತ.

"ಅಮ್ಮ ಕೊಡ್ತೇನೆ ಅಂದ್ರಾ?"

ಇಲ್ಲ ಎಂದೆ. ಪೆಟ್ಟಿಗೆ ಮೊದಲು ಸಿದ್ಧವಾಗಲಿ ಎಂದೆ. ಅವನು ನಕ್ಕ. ನೋಡು, ಈ ವಿಷಯದಲ್ಲಿ ನಾನು ನಿನ್ನ ಪಾರ್ಟಿ ಅಲ್ಲ, ನಮ್ಮ ದೀನಿನಲ್ಲಿ, ಧರ್ಮದಲ್ಲಿ, ಇದಕ್ಕೆ ಜಾಗ ಇಲ್ಲ, ಅದನ್ನು ನಿನ್ನ ಮುಖಕ್ಕೇ ಹೇಳುತ್ತೇನೆ ಎಂದ. ಅದು ನನಗೂ ಗೊತ್ತಿತ್ತು. ನಿಮ್ಮಲ್ಲಿ ನಿಕಾಹ್ ಅಂದರೆ ಕರಾರು ತಾನೆ, ಕರಾರು ಅಂದಮೇಲೆ ಯಾರು ಯಾರ ಜೊತೆ ಮಾಡಿಕೊಂಡರೇನು ಎಂದು ಕೆಣಕಿದೆ. ಕರಾರು ಹೌದು, ಆದರೆ ಅದು ಮುಗಿದ ಮೇಲೆ ಊರಿಗೆ ಊಟ ಹಾಕುವುದು ಯಾಕೆ ಹೇಳು, ಬರೀ ಕರಾರಿಗೆ ಯಾರಾದರೂ ಬಿರಿಯಾನಿ ಮಾಡುತ್ತಾರಾ ಎಂದು ತಿರುಗಿ ಕೇಳಿದ. ನಾವಿಬ್ಬರೂ ಶಾಲೆಯಲ್ಲಿ ಹೀಗೇ ಇದ್ದೆವು. ಅಮ್ಮನ ಜೊತೆಗಿನ ಜಗಳವನ್ನು ಪೂರ್ತಿ ವರದಿ ಮಾಡಿದೆ, ನನ್ನ ಒಳ್ಳೆಯ ಏಟುಗಳನ್ನು ಬಿಡದೆ.

"ನಿನ್ನ ಪಾಯಿಂಟ್ ಎಲ್ಲ ಸರಿ ಉಂಟು ಮಾರಾಯ," ಎಂದ. "ಆದ್ರೆ ಅಮ್ಮನನ್ನು ಸೋಲಿಸಿ ಎಂತ ಮಾಡ್ತಿ? ಸೋತವರು ಕೊಟ್ರೆ ಅದು ಬಾಗಿನ ಆಗ್ತದಾ, ದಂಡ ಆಗ್ತದಾ?"

ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಎದ್ದು ಹೋಗಿ ಟೀವಿ ಬಂದಿದ್ದ ಪೆಟ್ಟಿಗೆಯೊಂದನ್ನು ಎಳೆದು ತಂದ. ಯಲ್ಲಾ, ಹೊರಡು ಎಂದ.

ಪೆಟ್ಟಿಗೆಯನ್ನು ಮನೆಯ ಹಾಲ್‌ನ ನಡುವೆ ಇಟ್ಟೆ. ಅಮ್ಮ ಎರಡು ದಿನ ಅದಕ್ಕೆ ಸುತ್ತು ಹಾಕಿಕೊಂಡು ಓಡಾಡಿದಳು, ಅದರ ಸುತ್ತ ಗುಡಿಸಿದಳು, ಅದರ ಮೇಲೆ ಒಗೆದ ಬಟ್ಟೆ ಇಟ್ಟಳು, ಆದರೆ ಅದು ಯಾಕೆ ಬಂತು ಎಂದು ಕೇಳಲಿಲ್ಲ. ಅಪ್ಪ ಈ ವಿಷಯದಲ್ಲಿ ಅಲ್ಲಿಯ ತನಕ ಒಂದು ಮಾತೂ ಆಡಿರಲಿಲ್ಲ. ಕೆಲಸದಿಂದ ಬಂದವರು ಶೂ ಬಿಚ್ಚುತ್ತಾ ಪೆಟ್ಟಿಗೆಯನ್ನು ಅಳೆಯುವವರ ಹಾಗೆ ನೋಡಿ, "ಮೊರ ಇದರಲ್ಲಿ ಅಡ್ಡಡ್ಡ ಹಿಡಿಸಲ್ಲ. ಉದ್ದಕ್ಕೆ ನಿಲ್ಲಿಸಿ, ಸುತ್ತ ಟವೆಲ್ ತುರುಕಬೇಕು," ಎಂದು ಹೇಳಿ ಕೈಕಾಲು ತೊಳೆಯಲು ಹೋದರು. ಅಮ್ಮ ಅವರ ಬೆನ್ನನ್ನೇ ನೋಡಿದಳು. ಮನೆಯಲ್ಲಿ ಒಂದು ವೋಟು ಬಿದ್ದದ್ದು ಅವಳಿಗೂ ತಿಳಿಯಿತು.

ಹೊರಡುವ ಹಿಂದಿನ ಸಂಜೆ ಅಮ್ಮ ಊಟದ ಮೇಜಿನ ಮೇಲೆ ತೊಗರಿಬೇಳೆ ಹರವಿಕೊಂಡು ಕಸ ಆರಿಸುತ್ತಿದ್ದಳು. ನಾನೂ ಎದುರಿಗೆ ಕೂತು ಕೈಹಾಕಿದೆ. ಹೊಸ ವಾದಗಳನ್ನೇನೂ ಸಿದ್ಧ ಮಾಡಿಕೊಂಡಿರಲಿಲ್ಲ.

"ಆ ಹುಡುಗಿಗೆ ತಾಯಿ ಇದ್ದಾರಾ?"

ಇದ್ದಾರೆ, ಹತ್ತಿರದ ಹಳ್ಳಿಯಲ್ಲಿ, ಎಂದೆ.

"ಇವಳಿಗೆ ಏನಾದ್ರೂ ಕೊಡ್ತಾರಾ, ಹಬ್ಬ ಹುಣ್ಣಿಮೆಗೆ?"

ಅವರ ಹಿತ್ತಿಲಲ್ಲಿ ಪ್ಲಮ್ ಮರ ಇರುವುದನ್ನು, ಪ್ರತಿ ವರ್ಷ ಇದೇ ಹೊತ್ತಿಗೆ ಹಣ್ಣು ಬೇಯಿಸಿ ಜಾಮ್ ಮಾಡಿ ಇಬ್ಬರಿಗೂ ಬೇರೆ ಬೇರೆ ಬಾಟಲಿಯಲ್ಲಿ ಹಾಕಿಕೊಡುವುದನ್ನು ಹೇಳಿದೆ. ಬಾಟಲಿಯ ಮೇಲೆ ಹೆಸರು ಬರೆದಿರುತ್ತಾರೆ. ಅಕ್ಕನ ಹೆಸರನ್ನು ಕನ್ನಡದಲ್ಲೇ ಬರೆಯುತ್ತಾರೆ. ಅಕ್ಕ ಬರೆದುಕೊಟ್ಟ ಚೀಟಿ ನೋಡಿಕೊಂಡು, ಇರುವೆ ಹರಿದ ಹಾಗೆ ಇದ್ದರೂ, ಕನ್ನಡವೇ.

ಅಮ್ಮನ ಕೈ ನಿಂತಿತು.

"ಬೀಗಿತ್ತಿ ಕನ್ನಡ ಬರೀತಾಳಂತೆ," ಎಂದಳು ಬೇಳೆಗೆ ಹೇಳುವ ಹಾಗೆ. "ನಾನಿಲ್ಲಿ ಕಲ್ಲು ಆರಿಸ್ತಾ ಕೂತಿದೀನಿ."

ಬೀಗಿತ್ತಿ! ಮದುವೆ ಆಗದೆ ಬೀಗಿತ್ತಿ ಎಲ್ಲಿಂದ ಬಂದಳು? ಎದುರಾಳಿ ತಾನಾಗಿಯೇ ಮೂಲ ಅಂಶವನ್ನು ಬಿಟ್ಟುಕೊಟ್ಟಿದ್ದಳು. ಶಾಲೆಯ ದಿನಗಳಾಗಿದ್ದರೆ ಎದ್ದು ನಿಂತು, ಮಾನ್ಯ ಸಭಾಧ್ಯಕ್ಷರೇ, ಇದನ್ನು ದಯವಿಟ್ಟು ಬರೆದುಕೊಳ್ಳಿ ಎನ್ನುತ್ತಿದ್ದೆ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ ಬೇಳೆಯಲ್ಲಿ ಕಲ್ಲು ಹುಡುಕಿದೆ. ಕುವೈತಿನಲ್ಲಿ ಪ್ಯಾಕೆಟ್ಟಿನ ಬೇಳೆಯಲ್ಲಿ ಕಲ್ಲು ಇರುವುದೇ ಇಲ್ಲ. ಇಬ್ಬರೂ ಹುಡುಕುತ್ತಲೇ ಇದ್ದೆವು.

ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಕೈ ಒರೆಸಿಕೊಂಡು ಫೋನು ತೆಗೆದಳು. ಅಕ್ಕ ಎತ್ತಿದಳು. ಊಟ ಆಯಿತಾ, ಅಲ್ಲಿ ಚಳಿ ಶುರುವಾಯಿತಾ ಎಂಬ ಮಾತೂ ಇಲ್ಲ.

"ನಿನ್ನ ಬಳೆ ಅಳತೆ ಈಗ ಎಷ್ಟೇ? ಎರಡು-ನಾಲ್ಕೋ, ಎರಡು-ಆರೋ?"

ಆ ಕಡೆಯಿಂದ ಏನೂ ಕೇಳಲಿಲ್ಲ. ಅಮ್ಮ ಫೋನನ್ನು ಕಿವಿಯಿಂದ ತೆಗೆದು, ಕಟ್ಟಾಯಿತೇ ಎಂದು ನೋಡಿ, ಮತ್ತೆ ಕಿವಿಗಿಟ್ಟುಕೊಂಡಳು. ಗೌರಿ ಹಬ್ಬದ ಹಿಂದಿನ ದಿನಗಳಲ್ಲಿ ತಾಯಿ ಬಳೆಯ ಅಳತೆ ಕೇಳಿದರೆ ಏನರ್ಥ ಎಂದು ಹಾಸನದ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ಎರಡು-ಆರು, ಅಮ್ಮ," ಎಂದಿತು ಕೊನೆಗೆ ಅಕ್ಕನ ದನಿ. ಆಮೇಲೆ, "ಲ್ಯಾಬಲ್ಲಿ ಗಾಜಿನ ಬಳೆ ಹಾಕೋ ಹಾಗಿಲ್ಲ."

"ಲ್ಯಾಬಲ್ಲಿ ಯಾರು ಹಾಕ್ಕೋ ಅಂದ್ರು? ಹಬ್ಬದ ದಿನ ಹಾಕ್ಕೋ."

ಬಳೆ ತರಲು ನಾನು ಓಡಿದೆ. ವಾಪಸು ಬರುವಾಗ ಮೊರ ತುಂಬಿತ್ತು. ಒಂದೇ ಜೊತೆ. ಅಕ್ಕನ ಹೆಂಡತಿಗೂ ಎಂದು ನಾನು ಶುರು ಮಾಡುವ ಮೊದಲೇ ಅಮ್ಮ ತಡೆದಳು. ಮಗಳಿಗೆ ತವರು ಕೊಡುತ್ತದೆ, ಆ ಹುಡುಗಿಗೆ ಅವಳ ತವರು ಇದೆ, ಜಾಮ್ ಕೊಡುತ್ತಿದ್ದಾರಲ್ಲ, ಪದ್ಧತಿ ಅಂದರೆ ಪದ್ಧತಿ ಎಂದಳು. ಯಾವ ಕಾನೂನೂ ಅವರ ಮದುವೆಯನ್ನು ಅಷ್ಟು ಖಚಿತವಾಗಿ ಒಪ್ಪಿರಲಿಲ್ಲ.

ಹಾಗೆಂದು ಎಲ್ಲವೂ ಖಲಾಸ್ ಆಯಿತು ಎನ್ನಲಾರೆ. ಕಟ್ಟಡದ ಹೆಂಗಸರಿಗೆ ಹೇಳಬೇಡ ಎಂದಳು. ಫೋಟೋ ಎಲ್ಲೂ ಹಾಕಬೇಡ ಎಂದಳು. ನಾನಾಗಿ ಹೇಳುವುದಿಲ್ಲ, ಆದರೆ ಯಾರಾದರೂ ಅಕ್ಕನಿಗೆ ಮದುವೆ ಆಗಿದೆಯಾ ಎಂದು ಕೇಳಿದರೆ ಇಲ್ಲ ಎನ್ನುವುದಿಲ್ಲ ಎಂದೆ. ಅಮ್ಮ ಟವೆಲ್ ತರಲು ಒಳಗೆ ಹೋದಳು. ಅಪ್ಪ ಹೇಳಿದ ಹಾಗೆ ಮೊರವನ್ನು ಉದ್ದಕ್ಕೆ ನಿಲ್ಲಿಸಿ ಟವೆಲ್ ತುರುಕಿದೆವು. ಪೆಟ್ಟಿಗೆ ಮುಚ್ಚುವ ಮುಂಚೆ ಅಮ್ಮ ಸೆರಗಿನ ಅಂಚನ್ನು ಮೊರದ ಮೇಲೆ ಹೊದಿಸಿ, ಎದುರಿಗೆ ಯಾರೋ ಈಸಿಕೊಳ್ಳುತ್ತಿದ್ದಾರೆ ಎಂಬಂತೆ ಒಂದು ಕ್ಷಣ ಹಿಡಿದು, ಬಿಟ್ಟಳು.

ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆಯನ್ನು ಪಕ್ಕಕ್ಕೆ ಎಳೆದರು. ಎಕ್ಸ್‌ರೇ ಪರದೆಯಲ್ಲಿ ತೆಂಗಿನಕಾಯಿ, ಕನ್ನಡಿ, ಬಳೆ ಎಲ್ಲ ಸೇರಿ ಏನಾಗಿ ಕಂಡಿತೋ. ಸಮವಸ್ತ್ರದ ಕುವೈತಿ ಅಧಿಕಾರಿ ಟೇಪಿನ ಮೇಲೆ ಬೆರಳಿಟ್ಟು ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದ. ಹಿಂದೆ ಸಾಲು ಬೆಳೆದಿತ್ತು. ನನ್ನ ತಲೆಯಲ್ಲಿ ನಾನೇ ಹೊಗಳಿದ ಆ ಚೊಕ್ಕ ಮಾತು, ಸಹಬಾಳ್ವೆಯ ನೋಂದಣಿ, ಒಂದು ಸಲ ಸುಳಿಯಿತು. ಅದನ್ನು ಹೇಳಿದ್ದರೆ ಅದರ ಅರ್ಥ ಹೇಳಬೇಕಿತ್ತು, ಅರ್ಥ ಹೇಳಿದ್ದರೆ ಪೆಟ್ಟಿಗೆಯ ಜೊತೆ ನಾನೂ ಅಲ್ಲೇ ಉಳಿಯುತ್ತಿದ್ದೆ.

"ನನ್ನ ಅಕ್ಕನಿಗೆ, ಮನೆಯಿಂದ," ಅಂದೆ. "ಅವಳಿಗೆ ಮದುವೆಯಾಗಿದೆ."

ಆ ವಾಕ್ಯವನ್ನು ಕುವೈತಿನಲ್ಲಿ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಯಾರ ಜೊತೆ ಎಂದು ಅವನು ಕೇಳಲಿಲ್ಲ. ಮದುವೆ ಎಂದ ಮೇಲೆ ಯಾರೂ ಕೇಳುವುದಿಲ್ಲ. ಟೇಪಿನಿಂದ ಬೆರಳು ತೆಗೆದು, ಮಬ್ರೂಕ್ ಎಂದು ಶುಭ ಹಾರೈಸಿ, ಪೆಟ್ಟಿಗೆಯನ್ನು ನನ್ನ ಕಡೆಗೆ ತಳ್ಳಿದ. ನಾನು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ.